ಗಣಕ ಯೋಜನೆಗಳೂ ನಮ್ಮ ಮೌನವೂ

ಇತಿಹಾಸ, ಸಮಾಜಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುವ ವಿದ್ಯಾರ್ಥಿಯೊಬ್ಬನು ಗಣಕಯಂತ್ರದ ವಿಷಯವಾಗಿ ಲೇಖನ ಬರೆಯಹೊರಟಿರುವುದನ್ನು ಕಂಡು ಕೆಲವರಾದರೂ ನಗಬಹುದು. ನಗಲಿ. ಕಂಪ್ಯೂಟರ್ ಕೋಣೆಗೆ ನಾವು ಕಾಲಿಡುವುದೇ ವರ್ಷಕ್ಕೆ ಎರಡು ಮೂರು ಸಲ: ಪ್ರವೇಶದ ಕಾಲದಲ್ಲೊಮ್ಮೆ, ವಿದ್ಯಾರ್ಥಿವೇತನದ ಕಾಲದಲ್ಲೊಮ್ಮೆ, ಫಲಿತಾಂಶದ ಹಾಳೆಯಲ್ಲಿ ನಮ್ಮ ಹೆಸರು ಕಾಣದೆ ಹೋದಾಗ ಇನ್ನೊಮ್ಮೆ. ಯಂತ್ರದ ಒಳಗೆ ಏನು ನಡೆಯುತ್ತದೆಂಬುದನ್ನು ಹೇಳಲು ನಾನು ಅರ್ಹನಲ್ಲ. ಆದರೆ ಯಂತ್ರದ ಸುತ್ತ ನಿಂತ ಮನುಷ್ಯರ ನಡುವೆ ಏನು ನಡೆಯುತ್ತದೆ ಎಂಬುದು ಬೇರೆಯ ಪ್ರಶ್ನೆ. ಯಾರು ಯಾರಿಗೆ ಹೆದರುತ್ತಾರೆ, ಯಾರ ಮಾತು ಯಾರ ಕಿವಿಗೆ ಮುಟ್ಟುತ್ತದೆ, ತಪ್ಪಿಗೆ ದಂಡ ತೆರುವವರು ಯಾರು ಎಂಬಿವೆಲ್ಲ ನಾವು ಮೂರು ವರ್ಷ ಕುಳಿತು ಓದಿದ ಶಾಸ್ತ್ರಗಳಿಗೇ ಸೇರಿದವು. ಗಣಕ ಯೋಜನೆಗಳು ಕೆಡುವುದು ಬಹುಮಟ್ಟಿಗೆ ಈ ಕಡೆಯಿಂದಲೇ ಎಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯ ನನಗೆ ಪುಸ್ತಕದಿಂದ ಬಂದದ್ದಲ್ಲ. ಒಂದು ತಪ್ಪು ಮಾಡಿ, ಅದನ್ನು ಮುಚ್ಚಿಟ್ಟು, ಆಮೇಲೆ ಪುಸ್ತಕ ಹುಡುಕಿಕೊಂಡು ಹೋದಾಗ ಗಟ್ಟಿಯಾದದ್ದು.

ಕಳೆದ ವರ್ಷ ಬೇಸಗೆಯ ರಜೆಯಲ್ಲಿ ಒಂದು ಕಚೇರಿಯಲ್ಲಿ ಬೆರಳಚ್ಚಿನ ಕೆಲಸಕ್ಕೆ ಹೋಗಿದ್ದೆ. ಕಚೇರಿಯ ಹೆಸರು ಬೇಡ. ವಯಸ್ಸಾದವರಿಗೆ ಕೊಡುವ ಒಂದು ನೆರವಿಗಾಗಿ ಬಂದ ಕಾಗದದ ಅರ್ಜಿಗಳನ್ನು ನೋಡಿ ನೋಡಿ ಕಂಪ್ಯೂಟರಿನ ಚೌಕಗಳಲ್ಲಿ ತುಂಬುವುದು ಕೆಲಸ. ಅರ್ಜಿಯೊಂದಕ್ಕೆ 3 ರೂಪಾಯಿ. ನಾವು ಆರು ಜನ ಹುಡುಗ ಹುಡುಗಿಯರು. ಮೇಲೆ ಒಬ್ಬ ಮೇಲ್ವಿಚಾರಕರು. ಅವರ ಮೇಲೆ ಗುತ್ತಿಗೆದಾರರು. ಅವರ ಮೇಲೆ ಯಾರಿದ್ದರೋ ನಮಗೆ ತಿಳಿಯದು. ಇಂತಿಷ್ಟು ದಿನದಲ್ಲಿ ಮುಗಿಯಬೇಕೆಂಬ ಆಜ್ಞೆ ಮಾತ್ರ ಪ್ರತಿದಿನವೂ ಮೇಲಿನಿಂದ ಇಳಿಯುತ್ತಿತ್ತು.

ತಾರೀಖು ಬರೆಯುವಾಗ ನಾವು ಮೊದಲು ದಿನ, ಆಮೇಲೆ ತಿಂಗಳು ಬರೆಯುತ್ತೇವೆ. ಅಮೆರಿಕದವರು ಮೊದಲು ತಿಂಗಳು ಬರೆಯುತ್ತಾರೆ. ಆ ಕೋಣೆಯ ಯಂತ್ರಗಳನ್ನು ಯಾರೋ ಅಮೆರಿಕದ ಪದ್ಧತಿಗೆ ಇಟ್ಟುಹೋಗಿದ್ದರು. 23-07-1956 ಎಂದು ಒತ್ತಿದರೆ, ವರ್ಷಕ್ಕೆ 23 ತಿಂಗಳು ಎಲ್ಲಿಯೂ ಇಲ್ಲವಾದುದರಿಂದ, ಯಂತ್ರ ಅದನ್ನು ತಾರೀಖೆಂದು ಒಪ್ಪದೆ, ಬರಿಯ ಅಕ್ಷರವೆಂದು ಎಣಿಸಿ ಚೌಕದ ಎಡಗೋಡೆಗೆ ಒರಗಿಸುತ್ತಿತ್ತು. 01-06-1956 ಎಂದು ಒತ್ತಿದರೆ ತಕರಾರಿಲ್ಲದೆ ಒಪ್ಪಿ ಬಲಗೋಡೆಗೆ ಒರಗಿಸುತ್ತಿತ್ತು. ಕಣ್ಣಿಗೆ ಕಾಣುತ್ತಿದ್ದುದು ಜೂನ್ 1ರಂತೆಯೇ. ಯಂತ್ರದ ಮನಸ್ಸಿನಲ್ಲಿ ಇದ್ದುದು ಮಾತ್ರ ಜನವರಿ 6. ಎಡಗೋಡೆಯವನ್ನು ಮೇಲಿನ ತಂತ್ರಾಂಶವು ತಿರಸ್ಕರಿಸಿ ಹಿಂದಕ್ಕೆ ಕಳುಹಿಸಿತು. “ವಾಪಸ್ ಬಂದದ್ದಕ್ಕ ತಿಂಗಳ ಮೊದಲ ಹಾಕ್ರಿ, ಹೋಗತಾವು” ಎಂದರು ಮೇಲ್ವಿಚಾರಕರು. ಹಾಕಿದೆವು, ಹೋದವು. ಬಲಗೋಡೆಯವು ಹೇಗೂ ಹೋಗಿದ್ದವಾದುದರಿಂದ ಅವುಗಳ ಯೋಚನೆ ಯಾರಿಗೂ ಬರಲಿಲ್ಲ.

ಮೂರನೆಯ ದಿನ ಸಂಜೆ, ಮುದ್ರಿಸಿದ ಒಂದು ಹಾಳೆ ನನ್ನ ಕೈಗೆ ಸಿಕ್ಕಿತು. ಅದರಲ್ಲಿ ತಿಂಗಳು ಅಂಕಿಯಲ್ಲಿರದೆ ಅಕ್ಷರದಲ್ಲಿ ಬಂದಿತ್ತು. ಸಾಲು ಸಾಲಾಗಿ ಜನವರಿ 6, ಜನವರಿ 6, ಜನವರಿ 6. ನಮ್ಮ ಊರಿನ ಕಡೆ ಹಿರಿಯರಿಗೆಲ್ಲ ಜೂನ್ 1 ಹುಟ್ಟಿದ ದಿನವೆಂಬುದು ಓದುಗರಿಗೆ ತಿಳಿದದ್ದೇ. ಶಾಲೆಗೆ ಸೇರಿಸುವ ದಿನ ಮಾಸ್ತರು ಕೇಳಿದಾಗ ತಾಯಿ “ಕಾರಹುಣ್ಣಿಮಿ ಮುಂದ ಹುಟ್ಟ್ಯಾನ್ರಿ” ಎಂದಿರಬೇಕು; ಮಾಸ್ತರು ಜೂನ್ 1 ಎಂದು ಬರೆದಿರಬೇಕು. ನಿಜವಾದ ಹುಟ್ಟಿದ ದಿನ ಗೊತ್ತಿದ್ದವರ ತಾರೀಖು ಬಹುಮಟ್ಟಿಗೆ ಸರಿಯಾಗಿ ಹೋಯಿತು. ಮಾಸ್ತರು ಕೊಟ್ಟ ತಾರೀಖಿನ ಬಡವರದೇ ತಿರುವುಮುರುವಾಯಿತು. ಯಂತ್ರಕ್ಕೆ ಪಕ್ಷಪಾತವಿಲ್ಲ ಎನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ನಾನು ಏನು ಮಾಡಿದೆ? ಏನೂ ಮಾಡಲಿಲ್ಲ. ಅಷ್ಟರಲ್ಲಿ ನನ್ನ ಕೈಯಿಂದ 400ಕ್ಕೂ ಹೆಚ್ಚು ಅರ್ಜಿಗಳು ದಾಟಿದ್ದವು. ಹೇಳಿದರೆ ಅಷ್ಟನ್ನೂ ಮತ್ತೆ ನೋಡಬೇಕು. ಮತ್ತೆ ನೋಡಿದುದಕ್ಕೆ ಮೂರು ರೂಪಾಯಿ ಕೊಡುವವರಿಲ್ಲ. ಹಿಂದಿನ ದಿನ ಪಕ್ಕದ ಹುಡುಗಿ ಬೇರೊಂದು ಸಂಶಯ ಕೇಳಿದ್ದಕ್ಕೆ, “ಕೆಲಸ ಮಾಡಾಕ ಬಂದೀರೋ, ತಪ್ಪ ಹುಡುಕಾಕ ಬಂದೀರೋ?” ಎಂಬ ಉತ್ತರ ಬಂದದ್ದನ್ನೂ ಕೇಳಿದ್ದೆ. ಹಾಳೆಯನ್ನು ಮಡಚಿ ಇಟ್ಟೆ. ಲೆಕ್ಕ ಚುಕ್ತಾ ಆಯಿತು. ಬಂದ ದುಡ್ಡಿನಲ್ಲಿ ಈ ವರ್ಷದ ಪುಸ್ತಕಗಳನ್ನು ಕೊಂಡೆ.

ನಾಲ್ಕು ತಿಂಗಳ ಮೇಲೆ ನಮ್ಮ ಓಣಿಯ ಒಬ್ಬ ಅಜ್ಜಿಯ ಅರ್ಜಿ ತಿರುಗಿ ಬಂದಿತು. ಹುಟ್ಟಿದ ತಾರೀಖು ಆಧಾರಿನೊಂದಿಗೆ ತಾಳೆಯಾಗುವುದಿಲ್ಲವಂತೆ. ಆಕೆ ಕಂಡಿಕೆ ಸುತ್ತಿ ಬದುಕುವವಳು. ಮೂರು ಸಲ ತಾಲ್ಲೂಕಿಗೆ ಹೋಗಿ ಬಂದಳು. ಬಸ್ಸಿನಲ್ಲಿ ಹೆಂಗಸರಿಗೆ ಈಗ ದುಡ್ಡಿಲ್ಲ, ನಿಜ. ಹೋದ ದಿನದ ಕೂಲಿ ಹೋಯಿತಲ್ಲ. “ಕಂಪೂಟರ ತಪ್ಪ ಹೇಳತೈತೇನೋ ತಮ್ಮಾ? ನಾನ ಎಲ್ಲೋ ತಪ್ಪ ಬರಸೇನಿ” ಎಂದು ನನ್ನನ್ನೇ ಕೇಳಿದಳು. ಆಕೆಯ ಅರ್ಜಿಯನ್ನು ತುಂಬಿದ ಕೈ ನನ್ನದೋ ಇನ್ನೊಬ್ಬರದೋ ನನಗೆ ತಿಳಿಯದು. ಆದರೆ ಮಡಚಿ ಇಟ್ಟ ಹಾಳೆ ನನ್ನದು. ಆಕೆಗೆ ಈ ಮಾತನ್ನು ಇನ್ನೂ ಹೇಳಿಲ್ಲ.

ಇದು ಒಂದು ಸಣ್ಣ ಕೋಣೆಯ ಕಥೆ. ಇಂಥದು ನಮ್ಮಂಥವರ ನಡುವೆ ಮಾತ್ರ ನಡೆಯುತ್ತದೆಯೋ, ಅಥವಾ ದೊಡ್ಡ ದೇಶಗಳ ದೊಡ್ಡ ಯೋಜನೆಗಳಲ್ಲಿಯೂ ನಡೆದಿದೆಯೋ ಎಂದು ನೋಡಬೇಕೆನ್ನಿಸಿ ಗ್ರಂಥಾಲಯದ ಕಂಪ್ಯೂಟರಿನ ಮುಂದೆ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತೆ. ಸಿಕ್ಕಿದವುಗಳಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಲಂಡನ್ನಿನ ಆಂಬುಲೆನ್ಸ್ ಸೇವೆಯ ಕಥೆ.

1992ರವರೆಗೆ ಲಂಡನ್ನಿನಲ್ಲಿ ಆಂಬುಲೆನ್ಸ್ ಕಳುಹಿಸುವ ಕೆಲಸ ಕಾಗದದಲ್ಲಿಯೇ ನಡೆಯುತ್ತಿತ್ತು. ಕರೆ ಬಂದೊಡನೆ ಒಬ್ಬರು ಚೀಟಿ ಬರೆಯುವರು. ಚೀಟಿ ಓಡುಪಟ್ಟಿಯ ಮೇಲೆ ಇನ್ನೊಬ್ಬರ ಬಳಿಗೆ ಹೋಗುವುದು. ಅವರು ಹತ್ತಿರದ ವಾಹನವನ್ನು ಗೊತ್ತುಮಾಡುವರು. ಇದನ್ನೆಲ್ಲ ಗಣಕಕ್ಕೆ ಒಪ್ಪಿಸುವ ಮೊದಲನೆಯ ಪ್ರಯತ್ನವನ್ನು 75 ಲಕ್ಷ ಪೌಂಡು ವ್ಯಯ ಮಾಡಿದ ಮೇಲೆ 1990ರಲ್ಲಿ ಕೈಬಿಡಬೇಕಾಯಿತು. ಎರಡನೆಯ ಪ್ರಯತ್ನ 1992ರ ಅಕ್ಟೋಬರ್ 26ರಂದು ಇಡೀ ನಗರದಲ್ಲಿ ಒಮ್ಮೆಲೇ ಜಾರಿಗೆ ಬಂದಿತು. ಅಂದೇ ಕುಸಿಯಿತು. ಯಾವ ವಾಹನ ಎಲ್ಲಿದೆ ಎಂಬುದು ಯಂತ್ರಕ್ಕೆ ತಿಳಿಯದಾಯಿತು. ಎಚ್ಚರಿಕೆಯ ಸಂದೇಶಗಳು ಒಂದರ ಮೇಲೊಂದು ಬಿದ್ದು, ಹಳೆಯ ಕರೆಗಳು ತೆರೆಯ ಮೇಲಿನಿಂದ ಜಾರಿಹೋದವು. ವಾಹನ ಬಾರದುದನ್ನು ಕಂಡು ಜನ ಮತ್ತೆ ಮತ್ತೆ ಕರೆ ಮಾಡಿದರು. ಅದರಿಂದ ಹೊರೆ ಇನ್ನೂ ಏರಿತು. ಎರಡು ದಿನದಲ್ಲಿ ಅರ್ಧ ಹಳೆಯ ಪದ್ಧತಿಗೆ ಮರಳಿದರು. ನವೆಂಬರ್ 4ರಂದು ಉಳಿದರ್ಧವೂ ನಿಂತಿತು. ಕಾರಣ ನೋಡಿದರೆ, ಮೂರು ವಾರಗಳ ಹಿಂದೆ ತಂತ್ರಾಂಶ ತಿದ್ದಿದವರೊಬ್ಬರು ತೆಗೆಯದೆ ಬಿಟ್ಟಿದ್ದ ಒಂದು ಚಿಕ್ಕ ತುಣುಕು. ಒಂದೊಂದು ಸಲ ವಾಹನ ಹೊರಟಾಗಲೂ ಅದು ಯಂತ್ರದ ಸ್ಮರಣೆಯಲ್ಲಿ ಒಂದಿಷ್ಟು ಜಾಗ ಹಿಡಿದುಕೊಂಡು ಬಿಟ್ಟುಕೊಡುತ್ತಿರಲಿಲ್ಲ. ತೊಟ್ಟಿಕ್ಕಿ ತೊಟ್ಟಿಕ್ಕಿ ಕೊಡ ತುಂಬಿತು.

ಇಷ್ಟನ್ನೇ ಓದಿದರೆ ಯಂತ್ರ ಕೆಟ್ಟಿತು ಎಂದು ಹೇಳಿ ಮುಗಿಸಬಹುದು. ವಿಚಾರಣೆ ನಡೆಸಿ 1993ರ ಫೆಬ್ರವರಿಯಲ್ಲಿ ವರದಿ ಕೊಟ್ಟವರು ಅಲ್ಲಿಗೆ ಮುಗಿಸಲಿಲ್ಲ. ಯಂತ್ರಕ್ಕಿಂತ ಹೆಚ್ಚಾಗಿ ಮನುಷ್ಯರನ್ನು ನೋಡಿದರು. ಜಾರಿಗೆ ತಂದ ದಿನವೇ ಅನೇಕ ದೋಷಗಳು ಗೊತ್ತಿದ್ದವು. ತರಬೇತಿಯನ್ನು ಬಹಳ ಮೊದಲೇ ಕೊಟ್ಟು ಮುಗಿಸಿದ್ದರಿಂದ ಕಲಿತದ್ದು ಮರೆತುಹೋಗಿತ್ತು. ವಾಹನದವರಿಗೂ ನಿಯಂತ್ರಣ ಕೋಣೆಯವರಿಗೂ ಬೇರೆ ಬೇರೆ ತರಬೇತಿ. ಒಬ್ಬರ ಕಷ್ಟ ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಆ ಕೋಣೆಯ ಆಸನಗಳನ್ನು ಸಹ ಬದಲಾಯಿಸಿ, ವರ್ಷಗಟ್ಟಲೆ ಜೊತೆಯಾಗಿ ಕುಳಿತವರನ್ನು ಅಗಲಿಸಿದ್ದರು. ಮೇಲಧಿಕಾರಿಗಳಿಗೂ ನೌಕರರಿಗೂ ನಡುವೆ ನಂಬಿಕೆ ಇರಲಿಲ್ಲ. ಮೇಲಧಿಕಾರಿಗಳಿಗಾದರೂ ಧೈರ್ಯವಿತ್ತೇ ಎಂದರೆ ಅದೂ ಇಲ್ಲ. ಆಡಳಿತದ ಹುದ್ದೆಗಳಲ್ಲಿ ಸುಮಾರು ಐದರಲ್ಲಿ ಒಂದು ಪಾಲನ್ನು ಸ್ವಲ್ಪ ಹಿಂದೆ ಕಡಿದುಹಾಕಿದ್ದರು. ಉಳಿದವರಿಗೆ ಸೋಲಿನ ಭಯ. “ಇನ್ನೂ ಸಿದ್ಧವಾಗಿಲ್ಲ” ಎಂಬ ಮಾತು ಬಾಯಿಂದ ಹೊರಡಬೇಕಾದ ಜಾಗದಲ್ಲಿ ಭಯ ಕುಳಿತಿತ್ತು. ನನ್ನ ಮೇಲ್ವಿಚಾರಕರ ಮೇಲೆ ನನಗಿದ್ದ ಕೋಪ ಈ ಭಾಗವನ್ನು ಓದಿದಾಗ ಅರ್ಧ ಇಳಿಯಿತು. ಆ ಮನುಷ್ಯನ ಮೇಲೆಯೂ ಒಬ್ಬರಿದ್ದರಲ್ಲವೇ?

ಈ ಕಥೆಯ ಉತ್ತರಾರ್ಧವನ್ನು ಹೇಳುವವರು ಕಡಿಮೆ. ನನಗೆ ಮುಖ್ಯವಾಗಿ ತೋರುವುದು ಅದೇ. ಹೊಸ ಆಡಳಿತದವರು ಬಂದೊಡನೆ ಹೊಸ ಗಣಕ ಕೊಳ್ಳಲು ಓಡಲಿಲ್ಲ. ಕಾಗದದ ಪದ್ಧತಿಯನ್ನೇ ಇಟ್ಟುಕೊಂಡು, ಹೊಸ ಆಂಬುಲೆನ್ಸುಗಳನ್ನು ಕೊಂಡರು, ಸಿಬ್ಬಂದಿಯನ್ನು ಹೆಚ್ಚಿಸಿದರು, ನೌಕರರೊಂದಿಗೆ ಮಾತುಕತೆಗೆ ಕುಳಿತರು. ಆಮೇಲೆ ತಂತ್ರಾಂಶವನ್ನು ತಮ್ಮಲ್ಲಿಯೇ ರಚಿಸತೊಡಗಿ, ಮಾದರಿಗಳನ್ನು ಅದೇ ನೌಕರರ ಮುಂದಿಟ್ಟು, ಅವರು ಬೇಡವೆಂದದ್ದನ್ನು ತಿದ್ದಿದರು. 1996ರ ಜನವರಿಯಲ್ಲಿ ಕರೆ ಬರೆದುಕೊಳ್ಳುವ ಭಾಗವೊಂದನ್ನು ಮಾತ್ರ ಜಾರಿಗೆ ತಂದರು. ಅದು ಸರಿಯಾಗಿ ನಿಂತಮೇಲೆ ಮುಂದಿನದು. 1997ರಲ್ಲಿ ಅದೇ ಸೇವೆಗೆ ಬ್ರಿಟಿಷ್ ಕಂಪ್ಯೂಟರ್ ಸೊಸೈಟಿಯ ಪ್ರಶಸ್ತಿ ಬಂದಿತು. ಊರು ಅದೇ, ಕೆಲಸ ಅದೇ, ನೌಕರರಲ್ಲಿಯೂ ಬಹುಮಂದಿ ಹಳಬರೇ ಇದ್ದಿರಬೇಕು. ಬದಲಾದದ್ದು ಮಾತು ಓಡಾಡುವ ದಾರಿ.

ಈ ಕಥೆಯನ್ನು ಒಂದು ರಾತ್ರಿ ಊಟದ ಹೊತ್ತಿನಲ್ಲಿ ತಂದೆಯವರಿಗೆ ಹೇಳಿದೆ. ನಮ್ಮ ತಂದೆ ನೇಕಾರರು. ಮಗ್ಗ ಮಾಲೀಕರದು, ಕೈ ನಮ್ಮದು, ಸೀರೆಯೊಂದಕ್ಕೆ ಇಷ್ಟು ಎಂದು ಮಜೂರಿ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಾನೇ ಮೊದಲಿಗ. ಅವರು ಹೇಳಿದರು: “ಎಳಿ ಹರಿದದ್ದು ಕಂಡ ಮ್ಯಾಲೆ ಮಗ್ಗ ಓಡಸಬಾರದೋ ತಮ್ಮಾ. ಓಡಸಿದ್ರ ಸೀರಿ ಮುಗೀತೈತಿ, ಖರೆ. ಮಡಚೂವಾಗ ಕಾಣತೈತಿ.”

ಆಶ್ಚರ್ಯವೆಂದರೆ ಈ ಮಾತಿನ ಜಾಡು ಹಿಡಿದು ಹೋದರೆ ಮಗ್ಗದಿಂದ ಗಣಕದವರೆಗೆ ಒಂದು ನಿಜವಾದ ದಾರಿಯೇ ಇದೆ. ಜಪಾನಿನ ಸಾಕಿಚಿ ಟೊಯೋಡಾ ಎಂಬುವರು ಎಳೆ ಕಡಿದೊಡನೆ ತಾನಾಗಿಯೇ ನಿಲ್ಲುವ ಮಗ್ಗವನ್ನು ಮಾಡಿದರು. 1924ರಲ್ಲಿ ಪೂರ್ಣಗೊಂಡ ಅವರ ಸ್ವಯಂಚಾಲಿತ ಮಗ್ಗದ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಎಂಬ ಕಂಪನಿ ಕೊಂಡುಕೊಂಡಿತು. ಮನೆತನದವರು ಮುಂದೆ ಮೋಟಾರು ಕಾರಿನ ಉದ್ಯಮಕ್ಕೆ ಇಳಿದಾಗ ಆ ತತ್ತ್ವವೂ ಜೊತೆಯಲ್ಲಿ ಹೋಯಿತು. ಟೊಯೋಟಾ ಕಾರ್ಖಾನೆಯಲ್ಲಿ ಸಾಲಿನಲ್ಲಿ ನಿಂತ ಯಾವ ಕೆಲಸಗಾರನಾದರೂ ದೋಷ ಕಂಡರೆ ಒಂದು ಹಗ್ಗ ಎಳೆಯಬಹುದು. ಎಳೆದರೆ ದೀಪ ಹತ್ತುತ್ತದೆ, ಮೇಲಿನವನು ಓಡಿ ಬರುತ್ತಾನೆ. ಅಷ್ಟರಲ್ಲಿ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ತಂತ್ರಾಂಶ ರಚಿಸುವ ಕಂಪನಿಗಳು ಈಚೆಗೆ ಈ ಹಗ್ಗದ ಮಾತನ್ನು ಬಹಳ ಆಡುತ್ತವೆ.

ಇದನ್ನೂ ತಂದೆಯವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಗ್ಗ ಎಳದವನ ಮಜೂರಿ ಕಡೀತಾರೇನು?” ಎಂದು ಕೇಳಿದರು.

ನನ್ನ ಲೇಖನವೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಕಡಿಯುವುದಾದರೆ ಹಗ್ಗವಿದ್ದೂ ಪ್ರಯೋಜನವಿಲ್ಲ. ನನಗೆ ಆ ಸಂಜೆ ಧೈರ್ಯದ ಕೊರತೆ ಇತ್ತೆಂದು ಹೇಳಿದರೆ ಒಪ್ಪುತ್ತೇನೆ. ಆದರೆ ಅದರ ಜೊತೆಗೆ 1200 ರೂಪಾಯಿಯ ಕೊರತೆಯೂ ಇತ್ತು. ಸತ್ಯ ಹೇಳುವುದಕ್ಕೆ ಒಂದು ಬೆಲೆಯುಂಟು, ಮತ್ತು ಎಲ್ಲ ಯೋಜನೆಗಳಲ್ಲಿಯೂ ಅದು ದೋಷವನ್ನು ಮೊದಲು ಕಾಣುವವನ ಮೇಲೆ, ಎಂದರೆ ಎಲ್ಲರಿಗಿಂತ ಕೆಳಗೆ ಕುಳಿತವನ ಮೇಲೆ ಬೀಳುತ್ತದೆ. ಕಚೇರಿಯ ಸಂಸ್ಕೃತಿಯನ್ನು ಬದಲಾಯಿಸುತ್ತೇವೆ ಎನ್ನುವವರು ಈ ಬೆಲೆಯನ್ನು ಅವನ ತಲೆಯಿಂದ ಇಳಿಸಿ ಸಂಸ್ಥೆಯ ತಲೆಯ ಮೇಲೆ ಇಡಬೇಕು. ಗೋಡೆಯ ಮೇಲೆ “ಪಾರದರ್ಶಕತೆಯೇ ನಮ್ಮ ಮಂತ್ರ” ಎಂದು ಬರೆಸಿ, ಒಂದು ದಿನದ ಕಾರ್ಯಾಗಾರ ನಡೆಸಿ, ಎಲ್ಲರಿಗೂ ಒಂದು ಚೀಲ, ಒಂದು ಪೆನ್ನು, ಉಪ್ಪಿಟ್ಟು, ಕೇಸರಿಬಾತು ಕೊಟ್ಟು ಕಳುಹಿಸಿದರೆ ಸಂಸ್ಕೃತಿ ಬದಲಾಗುವುದಿಲ್ಲ. ಕೇಸರಿಬಾತಿನ ಬಗ್ಗೆ ನನ್ನ ಆಕ್ಷೇಪಣೆ ಏನೂ ಇಲ್ಲ.

ನಮ್ಮ ದೊಡ್ಡಪ್ಪನ ಮಗ ಒಬ್ಬರು ಬೆಂಗಳೂರಿನ ಒಂದು ಕಂಪನಿಯಲ್ಲಿ ತಂತ್ರಾಂಶ ಪರೀಕ್ಷಿಸುವ ಕೆಲಸದಲ್ಲಿದ್ದಾರೆ. ದೀಪಾವಳಿಗೆ ಊರಿಗೆ ಬಂದಾಗ ಅವರು ಹೇಳಿದ್ದು ಇದು. ಪ್ರತಿವಾರವೂ ಯೋಜನೆಯ ಸ್ಥಿತಿಯನ್ನು ಬಣ್ಣದಲ್ಲಿ ತೋರಿಸಬೇಕು: ಎಲ್ಲ ಸರಿಯಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು. ಪರೀಕ್ಷೆ ಮಾಡುವ ಹುಡುಗ ಕೆಂಪು ಎನ್ನುತ್ತಾನೆ. ಅವನ ಮೇಲಿನವರು “ಇಷ್ಟು ಬೇಗ ಕೆಂಪು ಬೇಡ” ಎಂದು ಹಳದಿ ಮಾಡುತ್ತಾರೆ. ಇನ್ನೂ ಮೇಲಿನವರು ಗಿರಾಕಿಗೆ ತೋರಿಸುವಾಗ ಹಸಿರು ಮಾಡುತ್ತಾರೆ. ಇಂಥ ಯೋಜನೆಗೆ ಅವರ ಕಸುಬಿನವರು ಕಲ್ಲಂಗಡಿ ಎಂದು ಹೆಸರಿಟ್ಟಿದ್ದಾರಂತೆ. ಮೇಲೆ ಹಸಿರು, ಕೊಯ್ದರೆ ಕೆಂಪು. “ಕೆಂಪು ತೋರಿಸಿದರೆ ಸಹಾಯಕ್ಕೆ ಯಾರೂ ಬರುವುದಿಲ್ಲ, ದಿನಕ್ಕೆ ಎರಡು ಹೆಚ್ಚಿನ ಸಭೆ ಬರುತ್ತವೆ. ಅದಕ್ಕೇ ಎಲ್ಲರೂ ಹಸಿರು” ಎಂದರು ಅಣ್ಣ. ಬಣ್ಣ ಬದಲಾಯಿಸಿದವರಲ್ಲಿ ಒಬ್ಬರೂ ಸುಳ್ಳುಗಾರರಲ್ಲ ಎಂಬುದನ್ನು ಗಮನಿಸಬೇಕು. ಒಬ್ಬೊಬ್ಬರೂ ಒಂದೊಂದು ಛಾಯೆಯಷ್ಟು ಮಾತ್ರ ತಗ್ಗಿಸಿದ್ದಾರೆ.

ಅಮೆರಿಕದ ಏಮಿ ಎಡ್ಮಂಡ್‌ಸನ್ ಎಂಬ ವಿದುಷಿ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ಅಭ್ಯಸಿಸಿದರು. ಉತ್ತಮ ತಂಡಗಳಲ್ಲಿ ಔಷಧ ಕೊಡುವ ತಪ್ಪುಗಳು ಕಡಿಮೆ ಇರುವುವೆಂದು ಎಣಿಸಿ ಹೊರಟವರಿಗೆ ಲೆಕ್ಕ ವಿರುದ್ಧವಾಗಿ ಬಂದಿತು. ಒಳ್ಳೆಯ ತಂಡಗಳಲ್ಲಿಯೇ ದಾಖಲೆಯಾದ ತಪ್ಪುಗಳು ಹೆಚ್ಚು! ವಿಚಾರಿಸಿ ನೋಡಿದರೆ, ಆ ತಂಡದವರು ಹೆಚ್ಚು ತಪ್ಪು ಮಾಡುತ್ತಿದ್ದುದಲ್ಲ. ಮಾಡಿದ್ದನ್ನು ಹೆದರದೆ ಹೇಳುತ್ತಿದ್ದರು. ಇದನ್ನು ಓದಿದಾಗ ನನಗೆ ನಮ್ಮ ಕಚೇರಿಗಳ “ದೋಷ ಶೂನ್ಯ” ವರದಿಗಳು ನೆನಪಾದವು. ಶೂನ್ಯವನ್ನು ಕಂಡು ಸಂತೋಷಪಡುವ ಮುಂಚೆ, ಹೇಳಿದವರ ಗತಿ ಏನಾಯಿತೆಂದು ಕೇಳುವುದು ಲೇಸು.

ಹೇಳಿದವರ ಗತಿ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಬ್ರಿಟನ್ನಿನ ಅಂಚೆ ಕಚೇರಿಗಳ ಪ್ರಕರಣವೊಂದೇ ಸಾಕು. 1999ರಿಂದ ಅಲ್ಲಿ ಜಾರಿಗೆ ಬಂದ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶ ಇಲ್ಲದ ಕೊರತೆಯನ್ನು ತೋರಿಸುತ್ತಿತ್ತು. ಹಣ ಕಡಿಮೆ ಬಂದಿದೆ ಎಂದು ದೂರು ಹೇಳಿಕೊಂಡ ಸಣ್ಣ ಅಂಚೆ ಕಚೇರಿಗಳವರನ್ನೇ ಕಳ್ಳರೆಂದರು. ನಿಮ್ಮೊಬ್ಬರಿಗೆ ಮಾತ್ರ ಹೀಗಾಗುತ್ತಿದೆ ಎಂದು ಅನೇಕರಿಗೆ ಹೇಳಿದರು. 2015ರವರೆಗೆ 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ತಂತ್ರಾಂಶದಲ್ಲಿ ದೋಷವಿತ್ತೆಂದು ಉಚ್ಚ ನ್ಯಾಯಾಲಯ ಹೇಳಿದ್ದು 2019ರಲ್ಲಿ. ಪಾರ್ಲಿಮೆಂಟು ಶಾಸನ ಮಾಡಿ ಆ ಶಿಕ್ಷೆಗಳನ್ನು ರದ್ದುಪಡಿಸಿದ್ದು 2024ರಲ್ಲಿ. ಓಣಿಯ ಅಜ್ಜಿ “ನಾನ ಎಲ್ಲೋ ತಪ್ಪ ಬರಸೇನಿ” ಎಂದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಬದಲಾವಣೆ ವರ್ಷಗಟ್ಟಲೆ ಹಿಡಿಯುವುದೆಂದು ಕೈಚೆಲ್ಲಬೇಕಾಗಿಲ್ಲ. 2013ರ ಅಕ್ಟೋಬರ್ 1ರಂದು ಅಮೆರಿಕದ ಸರ್ಕಾರ ಆರೋಗ್ಯ ವಿಮೆಗಾಗಿ ತೆರೆದ ಜಾಲತಾಣ ಮೊದಲ ದಿನವೇ ಸೋತಿತು. ಅಂದು ಪೂರ್ತಿಯಾಗಿ ನೋಂದಾಯಿಸಿಕೊಳ್ಳಲು ಸಾಧ್ಯವಾದವರು ಆರು ಜನ. ಕೆಟ್ಟ ಸುದ್ದಿ ಮೇಲಕ್ಕೆ ಹೋಗದ ರೂಢಿಯೂ ಕಾರಣಗಳಲ್ಲೊಂದೆಂದು ಆಮೇಲಿನ ಸರ್ಕಾರಿ ಪರಿಶೀಲನೆಯೇ ಹೇಳಿತು. ಅದನ್ನು ಸರಿಪಡಿಸಲು ಬಂದ ತಂಡದವರು ಪ್ರತಿದಿನವೂ ಎಲ್ಲರನ್ನೂ ಒಂದೆಡೆ ಕೂಡಿಸಿದರು. ಅಲ್ಲಿ ತಪ್ಪು ಯಾರದೆಂಬ ಚರ್ಚೆಗೆ ಎಡೆಯಿಲ್ಲ. ಹುದ್ದೆಯಲ್ಲಿ ದೊಡ್ಡವರಲ್ಲ, ವಿಷಯ ಗೊತ್ತಿದ್ದವರು ಮಾತನಾಡಬೇಕು. ಎರಡು ತಿಂಗಳಲ್ಲಿ ಜಾಲತಾಣ ಬಹುಮಟ್ಟಿಗೆ ನಡೆಯತೊಡಗಿತು.

ನಮ್ಮ ನಾಡಿನಲ್ಲಿಯೂ ‘ಭೂಮಿ’ ಯೋಜನೆ ಉಂಟು. ಈ ಶತಮಾನದ ಆರಂಭದಲ್ಲಿ ಸುಮಾರು 2 ಕೋಟಿ ಪಹಣಿಗಳು ಕೈಬರಹದ ಪುಸ್ತಕದಿಂದ ಗಣಕಕ್ಕೆ ಏರಿದವು. 15 ರೂಪಾಯಿ ಕೊಟ್ಟರೆ ತಾಲ್ಲೂಕಿನಲ್ಲಿ ಪಹಣಿ ಸಿಕ್ಕುವಂತಾಯಿತು. ಅದು ನಿಂತದ್ದು ಯಂತ್ರದ ಬಲದಿಂದಷ್ಟೇ ಅಲ್ಲ. ಖಾತೆ ಬದಲಾವಣೆಯ ಅರ್ಜಿ ಬಂದ ಸರದಿಯಲ್ಲಿಯೇ ತೀರಬೇಕು, ಯಾರನ್ನೂ ಹಾರಿಸುವಂತಿಲ್ಲ ಎಂಬ ಕಟ್ಟಳೆ ಮಾಡಿ, ಕೈಬರಹದ ಪಹಣಿಗೆ ಬೆಲೆಯಿಲ್ಲವೆಂದು ಸಾರಿದ್ದರಿಂದ. ಹಳೆಯ ಪುಸ್ತಕದ ತಪ್ಪುಗಳೂ ಗಣಕಕ್ಕೆ ಏರಿದವೆಂಬುದನ್ನು ಪಹಣಿ ತಿದ್ದುಪಡಿಗೆ ಅಲೆದ ರೈತರ ಮಕ್ಕಳು ನಮ್ಮ ತರಗತಿಯಲ್ಲೇ ಹೇಳಿಯಾರು.

ಈ ವಿಚಾರವನ್ನು ಚರ್ಚಾಕೂಟದಲ್ಲಿ ಮಂಡಿಸಿದಾಗ ನಮ್ಮ ಅಧ್ಯಾಪಕರೊಬ್ಬರು ಒಂದು ಆಕ್ಷೇಪಣೆ ಎತ್ತಿದರು. “ಎಲ್ಲರೂ ಹಗ್ಗ ಎಳೆಯುತ್ತ ಕುಳಿತರೆ ಕೆಲಸ ಮುಗಿಯುವುದೆಂದು? ತಪ್ಪು ಮಾಡಿದವನಿಗೆ ಶಿಕ್ಷೆಯೇ ಬೇಡವೇನಪ್ಪ?” ನ್ಯಾಯವಾದ ಪ್ರಶ್ನೆ. ಉದಾಸೀನದಿಂದ ಕೆಡಿಸುವವನನ್ನು ಕ್ಷಮಿಸಬೇಕೆಂದು ನಾನು ಹೇಳುವುದಿಲ್ಲ. ಶಿಕ್ಷೆ ಮುಚ್ಚಿಟ್ಟವನಿಗಿರಲಿ, ತೆರೆದು ತೋರಿಸಿದವನಿಗೆ ಬೇಡ. ಇಂದಿನ ಪದ್ಧತಿ ಇದಕ್ಕೆ ತಲೆಕೆಳಗು: ಮುಚ್ಚಿಟ್ಟ ನನಗೆ 1200 ರೂಪಾಯಿ ಬಂದಿತು. ಇನ್ನು ವಿಳಂಬದ ಮಾತು. ಆ ಸಂಜೆ ನಾನು ಬಾಯಿ ಬಿಟ್ಟಿದ್ದರೆ ಯಂತ್ರದ ಪದ್ಧತಿ ಬದಲಾಯಿಸುವುದಕ್ಕೆ ಐದು ನಿಮಿಷ, ಆರು ಜನರ ಮೂರು ದಿನದ ಕೆಲಸವನ್ನು ಸರಿಪಡಿಸುವುದಕ್ಕೆ ಹೆಚ್ಚೆಂದರೆ ಇನ್ನೆರಡು ದಿನ ಬೇಕಾಗುತ್ತಿತ್ತು. ಅಜ್ಜಿಯ ಅರ್ಜಿಗೆ ಈಗ ಎಂಟನೆಯ ತಿಂಗಳು.

ಇನ್ನೊಂದು ಮಾತನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ. ತರಗತಿಯಲ್ಲಿ ಅಧ್ಯಾಪಕರು “ಅರ್ಥವಾಯಿತೇ?” ಎಂದು ಕೇಳುತ್ತಾರೆ. “ಆಯಿತು ಸಾರ್” ಎಂದು ಅರವತ್ತು ಕಂಠಗಳು ಹೇಳುತ್ತವೆ. ಅರವತ್ತೂ ಹಸಿರು. ಪರೀಕ್ಷೆಯಲ್ಲಿ ಕೊಯ್ದು ನೋಡಿದಾಗ ತಿಳಿಯುತ್ತದೆ. ಮನೆಯಲ್ಲಿ ಓದಿದ ತಂದೆತಾಯಿಯರಿರುವವನು ಎದ್ದು ನಿಂತು ತಿಳಿಯಲಿಲ್ಲವೆಂದರೆ ಅವನನ್ನು ಜಿಜ್ಞಾಸುವೆನ್ನುತ್ತಾರೆ. ನನ್ನಂಥವನು ಎದ್ದು ನಿಂತರೆ, ಇವನಿಗೆ ಇದೂ ಬಾರದೇ ಎಂದುಕೊಂಡಾರೆಂಬ ಹೆದರಿಕೆ. ನಿಜವಾಗಿ ಹಾಗೆ ಯಾರೂ ಅನ್ನಲಾರರು. ಹೆದರಿಕೆ ಮಾತ್ರ ನಿಜ. ನುಡಿಯ ಬೆಲೆ ಎಲ್ಲರಿಗೂ ಒಂದೇ ಇರುವುದಿಲ್ಲ. ಈ ಕಾಲೇಜಿನಿಂದ ಹೊರಬಿದ್ದವರಲ್ಲಿ ಬಹುಮಂದಿ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಬೆಂಗಳೂರಿನ ಕಂಪನಿಗಳಲ್ಲಿ ಯಂತ್ರದ ಮುಂದೆ ಎಲ್ಲರಿಗಿಂತ ಕೆಳಗಿನ ಕುರ್ಚಿಯಲ್ಲಿ ಕೂರುವವರು. ದೋಷ ಮೊದಲು ಕಾಣುವುದು ನಮಗೇ. ಬಾಯಿ ಕಟ್ಟಿರುವುದೂ ನಮ್ಮದೇ. ಮೂರು ವರ್ಷ ಇಲ್ಲಿ ಅಭ್ಯಾಸ ಮಾಡದ ಮಾತು ಅಲ್ಲಿ ಹೋದೊಡನೆ ಬಂದೀತೇ?

ಆದುದರಿಂದ ಪ್ರಾಂಶುಪಾಲರ ಹಾಗೂ ಅಧ್ಯಾಪಕ ವೃಂದದ ಸಮ್ಮುಖದಲ್ಲಿ ಒಂದು ಸಣ್ಣ ಬಿನ್ನಹ. ಬರುವ ವರ್ಷದ ಪ್ರವೇಶದ ಕೆಲಸ ಆರಂಭವಾಗುವಾಗ ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಒಂದು ಪುಸ್ತಕವಿಡಬೇಕು. ಯಂತ್ರದಲ್ಲಿಯೋ ಅರ್ಜಿಯಲ್ಲಿಯೋ ತಪ್ಪು ಕಂಡವರು, ತಾವೇ ಮಾಡಿದ ತಪ್ಪಾದರೂ ಸರಿಯೇ, ಅದರಲ್ಲಿ ಬರೆಯಬೇಕು. ಯಾರು ಬರೆದರೆಂದು ಕೇಳಬಾರದು. ಶನಿವಾರ ಶನಿವಾರ ಒಬ್ಬ ಅಧ್ಯಾಪಕರು ಅದನ್ನು ಓದಿ, ಏನು ಮಾಡಲಾಯಿತೆಂದು ಎದುರಿನ ಪುಟದಲ್ಲಿ ಬರೆಯಬೇಕು. ಏನೂ ಮಾಡಲಾಗದಿದ್ದರೆ ಆಗಲಿಲ್ಲವೆಂದೇ ಬರೆಯಬೇಕು. ಅರ್ಜಿ ತುಂಬುವ ವಿದ್ಯಾರ್ಥಿಗಳಿಗೆ ಏನಾದರೂ ಸಂಭಾವನೆ ಕೊಡುವುದಾದರೆ, ತಿದ್ದಿದ ಅರ್ಜಿಗೂ ಹೊಸ ಅರ್ಜಿಯಷ್ಟೇ ಕೊಡಬೇಕು. ಇದು ನಮ್ಮ ತಂದೆಯವರ ಸೇರ್ಪಡೆ.

ನಾನು ಆ ಹೊತ್ತಿಗೆ ಇಲ್ಲಿ ಇರುವುದಿಲ್ಲ. ಮೊದಲ ಪುಟದಲ್ಲಿ ತಾರೀಖಿನ ಕಥೆಯನ್ನು ಬರೆದು ಕೊಟ್ಟುಹೋಗುತ್ತೇನೆ. ಎಡಗೋಡೆ ಬಲಗೋಡೆಯ ಚಿತ್ರವನ್ನೂ ಹಾಕುತ್ತೇನೆ. ಅದಕ್ಕಿಂತ ಮೊದಲು ಪರೀಕ್ಷೆ ಮುಗಿದ ಮರುದಿನ ಅಜ್ಜಿಯನ್ನು ಕರೆದುಕೊಂಡು, ಮಡಚಿ ಇಟ್ಟ ಹಾಳೆಯನ್ನೂ ಹಿಡಿದುಕೊಂಡು ಆ ಕಚೇರಿಗೆ ಹೋಗಿಬರಬೇಕಾಗಿದೆ. ಪುಸ್ತಕವನ್ನು ನಾನೇ ಕೊಂಡು ತರುತ್ತೇನೆ. ಪೆನ್ನಿಗೆ ದಾರ ಕಟ್ಟಿ ಮೇಜಿಗೆ ಬಿಗಿಯುವುದನ್ನು ಮಾತ್ರ ಯಾರಾದರೂ ನೋಡಿಕೊಳ್ಳಬೇಕು. ಇಲ್ಲವಾದರೆ ಅದು ಮಧ್ಯಾಹ್ನದವರೆಗೂ ಉಳಿಯಲಾರದು.